ಕುಗ್ಗಿದ ಹಿಡಿ

ತರೀಕೆರೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ನನ್ನದೊಂದು ರಿಪೇರಿ ಅಂಗಡಿ. ಸ್ಟೌವು, ಟಾರ್ಚು, ಛತ್ರಿ, ಚಾಕು, ಏನು ತಂದರೂ ಸರಿಮಾಡಿ ಕೊಡುತ್ತೇವೆ. ಬೋರ್ಡಿನ ಮೇಲೆ ಕರಿಸಿದ್ದಪ್ಪ ಎಂಬ ನನ್ನ ಹೆಸರು ದೊಡ್ಡದಾಗಿದೆ. ಮುಕ್ಕಾಲು ಪಾಲು ಕೆಲಸ ಮಾಡುತ್ತಿದ್ದವನು ಮಾತ್ರ ಅಂಜಿನಪ್ಪ. ಚೌಳಹಿರಿಯೂರಿನ ಊರಾಚೆಯ ಕೇರಿಯವನು, ಒಂಬತ್ತು ವರ್ಷ ನನ್ನ ಜೊತೆಗಿದ್ದ. ನನ್ನನ್ನು ಅಣ್ಣಾ ಎನ್ನುತ್ತಿದ್ದ. ನಾನೂ ಅವನು ನನ್ನ ತಮ್ಮನಿದ್ದ ಹಾಗೆ ಎಂದು ನಾಲ್ಕು ಜನ ಕೇಳುವಂತೆ ಹೇಳುತ್ತಿದ್ದೆ. ಹೇಳುವುದಕ್ಕೇನು, ನಾಲಿಗೆಗೆ ಮೂಳೆಯೇ?

ಎಂಬತ್ಮೂರನೇ ಇಸವಿಯಲ್ಲಿ ಒಂದು ಮಧ್ಯಾಹ್ನ ಅಜ್ಜಂಪುರದ ಕೊಬ್ಬರಿ ಮಂಡಿಯ ಷಣ್ಮುಖಪ್ಪ ಅಂಗಡಿಗೆ ನುಗ್ಗಿ ಒಂದು ಮಡಿಸುವ ಚಾಕನ್ನು ಹಲಗೆಯ ಮೇಲೆ ಕುಕ್ಕಿದ. ಅವನ ಅಪ್ಪನ ಕಾಲದ ಫಾರಿನ್ ಚಾಕು, ಜೇನಿನ ಬಣ್ಣದ ಪ್ಲಾಸ್ಟಿಕ್ ಹಿಡಿ. ಎಂಟು ವರ್ಷದ ಹಿಂದೆ ನಮ್ಮಲ್ಲೇ ಸಾಣೆ ಹಿಡಿಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಟ್ರಂಕಿನಲ್ಲಿಟ್ಟಿದ್ದನಂತೆ. ಈಗ ತೆಗೆದರೆ ಹಿಡಿಯ ಎರಡು ತುದಿಯಲ್ಲೂ ಅಕ್ಕಿಕಾಳು ತೂರುವಷ್ಟು ಸಂದು, ಮೊಳೆಗಳ ಸುತ್ತ ಬಿರುಕು, ಅಲಗಿಗೆ ತುಕ್ಕು.

"ಅಸಲಿ ಹಿಡಿ ಕಿತ್ಕೊಂಡು ಅಳತೆ ಬರದ ಯಾವ್ದೋ ತುಂಡು ಬಡಿದವ್ರೆ ಕಣ್ರೀ! ಆವತ್ತು ಕೆಲ್ಸ ಮಾಡಿದ್ದು ಯಾರು?"

ಚಹಾ ಕುಡಿಯುತ್ತಿದ್ದವರೆಲ್ಲ ಅಂಗಡಿಯ ಮುಂದೆ ಸೇರಿದರು. ನನ್ನ ಬೆರಳು ಅಂಜಿನಪ್ಪನ ಕಡೆಗೆ ಹೋಯಿತು. ಯೋಚನೆ ಮಾಡಲಿಲ್ಲ, ಸುಮ್ಮನೆ ಹೋಯಿತು.

"ನಾಳೆ ಹತ್ತು ಗಂಟೆಗೆ ಗುಡಿ ಮುಂದೆ ಕರ್ಪೂರ ಆರ್ಸಿ ಆಣೆ ಮಾಡ್ಲಿ. ಇಲ್ದಿದ್ರೆ ಸ್ಟೇಷನ್ನು" ಎಂದ ಷಣ್ಮುಖಪ್ಪ.

ನಮ್ಮ ಕಡೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿದವನು ನಿರಪರಾಧಿ. ಅದು ತಾನಾಗಿ ಉರಿದು ಮುಗಿಯುವವರೆಗೆ ಕೈ ಇಡದಿದ್ದರೆ ಕಳ್ಳ. ಮಾರನೆಯ ದಿನ ಹತ್ತು ಗಂಟೆಗೆ ಗುಡಿಯ ಮೆಟ್ಟಿಲ ಕೆಳಗೆ ಹನ್ನೆರಡು ಜನ ನಿಂತಿದ್ದರು. ತಟ್ಟೆಯಲ್ಲಿ ಕರ್ಪೂರ ಹಚ್ಚಿದವನು ನಾನೇ.

ಅಂಜಿನಪ್ಪ ಉರಿಯನ್ನು ನೋಡಿದ, ನನ್ನನ್ನು ನೋಡಿದ. "ಅಣ್ಣಾ, ಮೊಳೆ ನೋಡಿದ್ರಾ?"

"ಮಾತು ತಿರುಗಿಸ್ಬ್ಯಾಡ ಕಣ್ಲಾ. ಕರ್ಪೂರ ಮುಗೀತಾ ಬಂತು, ಕೈ ಇಡು!" ಎಂದೆ ನಾನು.

"ಒಳಕ್ಕೆ ಬಿಡದ ದೇವ್ರ ಮುಂದೆ ನಾನ್ಯಾಕಣ್ಣಾ ಆಣೆ ಮಾಡ್ಲಿ? ಒಂದ್ಸಲ ಮೊಳೆ ನೋಡಿ."

ಉರಿ ಸಣ್ಣದಾಯಿತು. ಇಡು, ಇಡು ಎಂದು ನಾನು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಅವನು ಕೈಯನ್ನು ಹಿಂದೆ ಕಟ್ಟಿಕೊಂಡೇ ನಿಂತ. ಕರ್ಪೂರ ಮುಗಿದು ತಟ್ಟೆಯಲ್ಲಿ ಕರಿ ಉಳಿಯಿತು. ಅಷ್ಟು ಜನರ ಮುಂದೆ ನನ್ನ ಮರ್ಯಾದೆ ಹೋಯಿತೆಂಬ ಸಿಟ್ಟಿಗೆ ನಾನು ಕೂಗಿದೆ: "ಕಳ್ಳ! ಇನ್ಮೇಲೆ ನನ್ನ ಅಂಗಡಿ ಮೆಟ್ಲು ಹತ್ಬ್ಯಾಡ!"

ಅವನು ಹೊರಟುಹೋದ. ಷಣ್ಮುಖಪ್ಪ ದೊಡ್ಡ ಮನಸ್ಸು ಮಾಡಿದವನ ಹಾಗೆ ಸ್ಟೇಷನ್ನಿನ ಮಾತು ಬಿಟ್ಟು, ಹೊಸ ಹಿಡಿ ಹಾಕಿಕೊಡಿ ಎಂದು ಚಾಕು ಕೊಟ್ಟುಹೋದ.

ಮೂರನೆಯ ದಿನ ಬೀಟೆ ಮರದ ತುಂಡು ಕೊಯ್ದಿಟ್ಟುಕೊಂಡು ಹಳೇ ಮೊಳೆ ಕೆತ್ತಲು ಕೂತೆ. ಉಳಿ ಇಟ್ಟವನಿಗೆ ಕೈ ನಿಂತುಹೋಯಿತು. ಹಿಡಿ ಬದಲಿಸಬೇಕಾದರೆ ಮೊಳೆಯ ತಲೆ ಒಡೆಯಲೇಬೇಕು. ನಾವು ಹೊಸದು ಹಾಕುವುದು ತಂತಿ ಕತ್ತರಿಸಿ, ಸುತ್ತಿಗೆಯಲ್ಲಿ ತಟ್ಟಿ. ಅದರ ತಲೆ ಸೊಟ್ಟಗಿರುತ್ತದೆ. ಇವು ನಾಲ್ಕೂ ಮೆಷಿನ್ನಿನಲ್ಲಿ ಕೂರಿಸಿದ ದುಂಡು ತಲೆಗಳು. ಚಾಕು ಹುಟ್ಟಿದ ದಿನದಿಂದ ಅವನ್ನು ಯಾರೂ ಮುಟ್ಟಿರಲಿಲ್ಲ.

ಹಾಗಾದರೆ ಸಂದು? ಹಿಡಿಗೆ ಅರ ಹಾಕಿ ಎರಡು ಸಲ ಉಜ್ಜಿದೆ. ಘಮ್ಮೆಂದು ಕರ್ಪೂರದ ವಾಸನೆ ಬಂತು. ಆ ಹಳೇ ಪ್ಲಾಸ್ಟಿಕ್ಕಿಗೆ ಕರ್ಪೂರ ಬೆರೆಸಿರುತ್ತಾರೆ. ಡಬ್ಬಿಯಲ್ಲಿಟ್ಟ ಕರ್ಪೂರದ ಬಿಲ್ಲೆ ಆರಿ ಸಣ್ಣದಾಗುವ ಹಾಗೆ, ಎಂಟು ವರ್ಷದಲ್ಲಿ ಹಿಡಿ ತಾನಾಗಿ ಕುಗ್ಗಿತ್ತು. ಅದು ಒಳಕ್ಕೆ ಎಳೆದಿದೆ, ಮೊಳೆ ಬಿಟ್ಟುಕೊಟ್ಟಿಲ್ಲ, ಅದಕ್ಕೇ ಬಿರುಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ನೋಡಿದ್ದು ಹಿಡಿಯನ್ನಲ್ಲ, ಅಂಜಿನಪ್ಪನ ಕೇರಿಯನ್ನು. ನಾಚಿಕೆಯಿಂದ ನನಗೆ ಕೂರಲಾಗಲಿಲ್ಲ.

ಆವತ್ತೇ ಚಾಕು ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದೆ. ಚೌಳಹಿರಿಯೂರಿನಲ್ಲಿ ಅವನ ಹೆಂಡತಿ ಉಚ್ಚಂಗಮ್ಮ ಬಾಗಿಲಲ್ಲೇ ತಡೆದಳು. "ಕಳ್ಳ ಅನ್ನೋ ಸುದ್ದಿ ಇವ್ರಿಗಿಂತ ಮುಂಚೆ ಊರಿಗೆ ಬಂದೈತೆ. ಹುಲ್ಲು ಕೊಯ್ಯೋ ಒಂದು ಕುಡ್ಲು ತಟ್ಟಿಸ್ಕೊಳ್ಳೋಕೂ ಯಾರೂ ಬರ್ತಿಲ್ಲ. ಇನ್ನೇನು ಬೇಕಾಗಿತ್ತು ನಿಮಗೆ?"

ಅವಳ ಹಿಂದೆ ಬಂದು ನಿಂತ ಅಂಜಿನಪ್ಪನಿಗೆ ನಾನು ಎಲ್ಲ ಹೇಳಿದೆ, ಅಂಗಡಿಗೆ ವಾಪಸ್ ಬಾ ಎಂದೆ. ಅವನು ನೆಲ ನೋಡುತ್ತಾ ಕೇಳಿಸಿಕೊಂಡ. "ಹನ್ನೆರಡು ಜನದ ಮುಂದೆ ಕಳ್ಳ ಅಂದ್ರಿ. ಇಲ್ಲಿ ನನ್ನೊಬ್ನ ಮುಂದೆ ಅಲ್ಲ ಅಂದ್ರೆ ಆಗೋಯ್ತಾ?"

ನಾಳೆ ಬಾ, ಅವರೆಲ್ಲರ ಮುಂದೆಯೇ ಹೇಳುತ್ತೇನೆ ಎಂದು ಹೇಳಿ ಬಂದೆ. ಮಾರನೆಯ ದಿನ ಷಣ್ಮುಖಪ್ಪನಿಗೆ ಹೇಳಿಕಳುಹಿಸಿ, ಬಸ್ ಸ್ಟ್ಯಾಂಡಿನಲ್ಲಿ ಅದೇ ಜನರನ್ನು ಸೇರಿಸಿದೆ. ಅಂಜಿನಪ್ಪ ಮೊದಲ ಬಸ್ಸಿಗೇ ಬಂದು ಒಂದು ಕಂಬಕ್ಕೆ ಒರಗಿ ನಿಂತಿದ್ದ. ಮೊಳೆ ತೋರಿಸಿದೆ, ವಾಸನೆ ತೋರಿಸಿದೆ. "ಇವನು ಕಳ್ಳನಲ್ಲ. ತಪ್ಪು ನಂದು" ಎಂದು ಗಟ್ಟಿಯಾಗಿ ಹೇಳಿದೆ. ಎದೆ ಹಗುರವಾಯಿತು ಎಂದುಕೊಳ್ಳುವಷ್ಟರಲ್ಲಿ ಷಣ್ಮುಖಪ್ಪ ನಕ್ಕ.

"ಹೋಗ್ಲಿ ಬಿಡ್ರೀ ಕರಿಸಿದ್ದಪ್ಪ. ಇದಲ್ದಿದ್ರೆ ಇನ್ನೊಂದು ಕದ್ದಿರ್ತಾನೆ. ಆ ಜನ ನಮಗೆ ಗೊತ್ತಿಲ್ವಾ?"

ಒಬ್ಬಿಬ್ಬರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಕೊರಳಪಟ್ಟಿಗೆ ಕೈ ಹಾಕಿ "ಬಾಯಿ ಮುಚ್ಚಲೇ!" ಎಂದು ಅರಚಿದೆ.

ಅಂಜಿನಪ್ಪ ನಡುವೆ ಬಂದು ನನ್ನ ಕೈ ಬಿಡಿಸಿದ.

"ಅವ್ರನ್ನ ಯಾಕ್ ಬೈತೀರಿ ಯಜಮಾನ್ರೇ? ಅವ್ರು ಕೊಬ್ಬರಿ ಮಾರೋರು, ಅವ್ರಿಗೆ ಮೊಳೆ ಗೊತ್ತಿಲ್ಲ" ಎಂದ. "ನಿಮಗೆ ಗೊತ್ತಿತ್ತು."

ಅವನ ಊರಿನ ಬಸ್ಸು ಹಾರನ್ ಹೊಡೆಯುತ್ತಿತ್ತು. ಅವನು ಹೋಗಿ ಹತ್ತಿದ. ನಿಲ್ಲು ಎಂದು ಕರೆಯಲು ನನಗೆ ಮುಖವಿರಲಿಲ್ಲ.