ಟೈಲರ್ ಮಾಮನ ಹಾರ್ಡ್ ಡಿಸ್ಕ್ ಮತ್ತು ಗ್ರಂಥಾಲಯದ ಅಕ್ಕನ ಕೋಟು

ನಮ್ಮ ಬೀದಿಯ ಟೈಲರ್ ಮಾಮನಿಗೆ ಕತ್ತರಿಯಷ್ಟೇ ಚೆನ್ನಾಗಿ ಕಂಪ್ಯೂಟರೂ ಗೊತ್ತು. ಇದು ಅವರದೇ ಅಭಿಪ್ರಾಯ. ಬೇರೆಯವರು ಹೇಳಿದ್ದನ್ನು ನಾನು ಕೇಳಿಲ್ಲ.

ಇಪ್ಪತ್ತು ವರ್ಷ ಗಿರಾಕಿಗಳಿಗಾಗಿ ಕತ್ತರಿಸಿಟ್ಟ ಕಾಗದದ ನಮೂನೆಗಳನ್ನು ಹೋದ ವರ್ಷ ಮಾಮ ಸ್ಕ್ಯಾನ್ ಮಾಡಿಸಿ ಒಂದು ಹಾರ್ಡ್ ಡಿಸ್ಕಿಗೆ ತುಂಬಿಸಿದರು. ಕಾಗದಗಳನ್ನು ಮೂಟೆ ಕಟ್ಟಿ ಗುಜರಿಗೆ ಹಾಕಿದರು.

ಆ ಸೋಮವಾರ ಗ್ರಂಥಾಲಯದ ಅಕ್ಕನ ಕೋಟು ಕತ್ತರಿಸಬೇಕಿತ್ತು. ಗುರುವಾರ ಅವರಿಗೆ ಬಡ್ತಿಯ ಸಂದರ್ಶನ. ಅಕ್ಕನ ಬೆನ್ನು ಹುಟ್ಟಿನಿಂದಲೇ ಒಂದು ಕಡೆಗೆ ಬಾಗಿದೆ, ಎಡ ಹೆಗಲು ಕೆಳಗಿದೆ. ರೆಡಿಮೇಡ್ ಬಟ್ಟೆ ಅವರಿಗೆ ಕೂರುವುದಿಲ್ಲ. ಅವರಿಗೆ ಒಪ್ಪುವ ನಮೂನೆ ತಯಾರಿಸಲು ಮಾಮ ಮೂರು ವರ್ಷ ಬಿಚ್ಚಿ ಹೊಲಿದು, ಹೊಲಿದು ಬಿಚ್ಚಿ ಸಾಕಾಗಿದ್ದರು. ಹಳೆಯ ಕೋಟು ಸವೆದು ಒರೆಸುವ ಬಟ್ಟೆಯಾಗಿತ್ತು. ಉಳಿದದ್ದು ಡಿಸ್ಕಿನಲ್ಲಿದ್ದ ನಮೂನೆ ಮಾತ್ರ.

ಡಿಸ್ಕನ್ನು ಜೋಡಿಸಿದರೆ ಕಂಪ್ಯೂಟರ್ ಗುರುತೇ ಹಿಡಿಯಲಿಲ್ಲ. ತೆಗೆದು ಮತ್ತೆ ಜೋಡಿಸಿದಾಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ?

"ಮಾಡು ಅಂದ್ಬಿಡ್ತೀನಿ. ಸುಕ್ಕಾದ ಬಟ್ಟೆಗೆ ಇಸ್ತ್ರಿ ಹಾಕಿದ ಹಾಗೆ ಅಷ್ಟೇ," ಎಂದರು ಮಾಮ.

ಕಾಜ ಹೊಲಿಯುತ್ತಿದ್ದ ಅವರ ಹೆಂಡತಿ ತಲೆಯೆತ್ತಿದರು. "ರೀ, ಕೈ ತೆಗೀರಿ. ಅರ್ಥ ಆಗದ ಮಾತಿಗೆ ಹೂಂ ಅನ್ನಬಾರದು. ಪಕ್ಕದ ಮನೆ ಮೇಡಂನ ಕರೀತೀನಿ."

ಮೇಡಂ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವರು. ಬಂದವರೇ ಮೊದಲು 'ಬೇಡ' ಎಂಬುದನ್ನು ಒತ್ತಿದರು.

"ಮಾಮ, ಫಾರ್ಮ್ಯಾಟ್ ಅಂದ್ರೆ ಇಸ್ತ್ರಿ ಅಲ್ಲ. ಒಳಗಿರೋದನ್ನೆಲ್ಲ ಅಳಿಸಿ ಹಾಕೋದು."

ಮಾಮನ ಮುಖ ಬಿಳಿಚಿಕೊಂಡಿತು. ನಿಜವಾಗಿಯೂ ಹೆದರಿದ್ದರು, ಪಾಪ.

ಮೇಡಂ ಡಿಸ್ಕಿಗೆ ಕಿವಿಗೊಟ್ಟರು. "ಟಕ್ ಟಕ್ ಅಂತ ಸದ್ದು ಬಂದ್ರೆ ತಕ್ಷಣ ಕಳಚಿಡಬೇಕು. ತಟ್ಟೋದು, ಬಿಚ್ಚಿ ನೋಡೋದು ಮಾಡಬಾರದು. ಡೇಟಾ ಹೊರತೆಗೆಯೋ ತಜ್ಞರ ಹತ್ರಾನೇ ಕೊಂಡೊಯ್ಯಬೇಕು. ಸದ್ಯ, ಇದರಲ್ಲಿ ಆ ಸದ್ದಿಲ್ಲ."

"ನಾನು ಆಗಲೇ ಎರಡು ಸಲ ತಟ್ಟಿದೆ," ಎಂದರು ಮಾಮ ಮೆಲ್ಲಗೆ.

"ಮೂರನೇ ಸಲ ತಟ್ಟಬೇಡಿ."

ಕಂಪ್ಯೂಟರಿನ ಇನ್ನೊಂದು ಪೋರ್ಟಿಗೆ ಹಾಕಿದರು. ಡಿಸ್ಕಿನ ದೀಪ ಮಿನುಗಿ ಆರಿತು. ಆಗ ಮೇಡಂ ವೈರನ್ನು ಬೆರಳಲ್ಲಿ ಸವರಿ ನೋಡಿದರು. ಕೆಲಸ ಮುಗಿದ ಮೇಲೆ ಮಾಮ ಅದನ್ನು ಬಾಬಿನ್ನಿಗೆ ದಾರ ಸುತ್ತುವಂತೆ ಡಿಸ್ಕಿಗೆ ಬಿಗಿಯಾಗಿ ಸುತ್ತಿಡುತ್ತಿದ್ದರು. ಪಿನ್ನಿನ ಬುಡದಲ್ಲಿ ವೈರು ಮಡಚಿ ಮಡಚಿ ಒಳಗೇ ತುಂಡಾಗಿತ್ತು.

"ಇವರ ಕೈಗೆ ಏನು ಸಿಕ್ಕರೂ ಸುತ್ತಿಬಿಡ್ತಾರೆ," ಎಂದರು ಹೆಂಡತಿ.

ಮೇಡಂ ಮನೆಯಿಂದ ಅಂಥದ್ದೇ ಬೇರೆ ವೈರು ತಂದು ಹಾಕಿದರು. ದೀಪ ನಿಂತು ಉರಿಯಿತು. ನಮೂನೆಗಳೆಲ್ಲ ಪರದೆಗೆ ಬಂದವು. ಮಾಮ ಸ್ಟೂಲಿನ ಮೇಲೆ ಕುಸಿದು ಕುಳಿತರು.

"ಹೊಸ ವೈರು ತಂದ್ರೆ ಮುಗೀತಲ್ಲ?"

"ಮುಗೀಲಿಲ್ಲ ಮಾಮ. ಇವತ್ತು ವೈರು ಕೈಕೊಟ್ಟಿತು, ನಾಳೆ ಡಿಸ್ಕೇ ಕೈಕೊಟ್ರೆ? ಇನ್ನೊಂದು ಡಿಸ್ಕಿಗೂ ನಕಲು ಮಾಡಿ."

"ಅದೂ ಕೆಟ್ಟರೆ?"

"ಎರಡೂ ಒಂದೇ ದಿನ ಕೆಡೋದು ಅಪರೂಪ. ಒಂದು ಅಂಗಡೀಲಿರಲಿ, ಒಂದು ನಿಮ್ಮ ಮಗಳ ಮನೇಲಿರಲಿ. ನೀವೇನು ಮಷೀನಿಗೆ ಒಂದೇ ಸೂಜಿ ಇಟ್ಕೊಂಡು ಅಂಗಡಿ ನಡೆಸ್ತಿದೀರಾ?"

ಮಾಮನ ಡ್ರಾಯರಿನಲ್ಲಿ ಹತ್ತು ಪೊಟ್ಟಣ ಸೂಜಿಗಳಿದ್ದವು. ಅವರು ಎದ್ದು ಹೋಗಿ ಇನ್ನೊಂದು ಡಿಸ್ಕ್ ಕೊಂಡು ತಂದರು. ಸಂಜೆಯೊಳಗೆ ಎರಡನೆಯ ಡಿಸ್ಕ್ ಮಗಳ ಮನೆ ಸೇರಿತು.

ಬುಧವಾರ ಅಕ್ಕ ಬಂದು ಕೋಟು ತೊಟ್ಟರು. ಎಡ ಹೆಗಲನ್ನು ಎತ್ತಿ ಹಿಡಿಯದೆ, ಕನ್ನಡಿಗೆ ನೇರವಾಗಿ ನಿಂತರು. ಮಾಮ ಮನಸ್ಸು ತಡೆಯದೆ ನಡೆದದ್ದನ್ನೆಲ್ಲ ಹೇಳಿಬಿಟ್ಟರು.

"ಮತ್ತೆ ಮೂರು ವರ್ಷ ಹಿಡೀತಿತ್ತಾ?" ಅಕ್ಕ ಗುಂಡಿ ಹಾಕಿಕೊಳ್ಳುತ್ತ ನಕ್ಕರು. "ನನ್ನ ನೌಕರಿ ಇರೋದೇ ಇನ್ನು ಎರಡು ವರ್ಷ."

ಮಾಮ ನಗಲಿಲ್ಲ.

ಓದುತ್ತಿರುವವರೇ, ಡಿಸ್ಕ್ ಕಂಪ್ಯೂಟರಿನಲ್ಲಿ ಕಾಣದೆ ಹೋದರೆ ಗಾಬರಿಬೀಳಬೇಡಿ. ಫಾರ್ಮ್ಯಾಟ್ ಎಂದು ಕೇಳಿದರೆ 'ಬೇಡ' ಎನ್ನಿ. ವೈರು, ಪೋರ್ಟ್, ಕಂಪ್ಯೂಟರ್ ಬದಲಿಸಿ ನೋಡಿ. ಟಕ್ ಟಕ್ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಇವೆಲ್ಲ ಕೆಟ್ಟ ಮೇಲಿನ ಮಾತು. ನಿಮ್ಮ ಡಿಸ್ಕ್ ಇವತ್ತು ಕಾಣುತ್ತಿದೆ ತಾನೆ? ಹಾಗಾದರೆ ನಕಲನ್ನು ಇವತ್ತೇ ಮಾಡಿ.