ಬೀಗರು ಕುಡಿದ ಹಾಪ್ಸ್ ಕಷಾಯ

ಗಜೇಂದ್ರಗಡದ ಮನೆಯ ಸೋಫಾದಲ್ಲಿ ಕೊಟ್ರೇಶ ಇಬ್ಬರ ನಡುವೆ ಸಿಕ್ಕಿಕೊಂಡಿದ್ದ. ಎಡಕ್ಕೆ ತಂದೆ ಗುರುಸಂಗಪ್ಪ. ಬಲಕ್ಕೆ, ಮಗಳು ನಿರ್ಮಲಾಳನ್ನು ಕೊಡುವ ಮೊದಲು ಮನೆ ನೋಡಲೆಂದು ಹೊಳೆಆಲೂರಿನಿಂದ ಬಂದಿದ್ದ ಹಾಲಸಿದ್ದಪ್ಪ. ಇಬ್ಬರ ಪಾಲಿಗೂ ಅವನು ಬೆಳಗಾವಿಯ ಶರಬತ್ತಿನ ಕಂಪನಿಯ ನೌಕರ. ಅಲ್ಲಿ ಅವನು ಕುದಿಸುತ್ತಿದ್ದುದು ಮಾತ್ರ ಬಿಯರು.

ಕಿಸೆಯಲ್ಲಿ ಫೋನು ಅದುರುತ್ತಲೇ ಇತ್ತು. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವುದು ಹಾಪ್ಸ್ ಎಂಬ ಹೂವು. ಹೊಸ ತಿಳಿ ಬಿಯರಿಗೆ ಯಾವ ಹಾಪ್ಸ್ ಎಂದು ಅವನು ಇಂದು ಹೇಳಲೇಬೇಕಿತ್ತು; ತಪ್ಪಿದರೆ ಅವನ ಜಾಗ ಜೊತೆಗಾರ ಅಮೋಘಸಿದ್ದನ ಪಾಲು. ರುಚಿ ನೋಡಲು ತಂದ ಸಾಝ್, ಕ್ಯಾಸ್ಕೇಡ್ ಎಂಬ ಎರಡು ಜಾತಿಯ ಪೊಟ್ಟಣಗಳು ಚೀಲದಲ್ಲೇ ಉಳಿದಿದ್ದವು. ಹಾಗೆಂದೇ ಅವನು ನಂಬಿದ್ದ.

ತಾಯಿ ಸಿದ್ದಲಿಂಗವ್ವ ತಟ್ಟೆ ಹಿಡಿದು ಬಂದಳು. ಕಿತ್ತಳೆ ಸಿಪ್ಪೆಯಂಥ ವಾಸನೆ. ಅದು ಕ್ಯಾಸ್ಕೇಡಿನದೇ ಎಂದು ಕೊಟ್ರೇಶನಿಗೆ ಗೊತ್ತಾಯಿತು.

"ಬೀಗರಿಗೆ ಚಾ ಸೇರಂಗಿಲ್ಲಂತ. ನಿನ್ನ ಚೀಲದಾಗಿನ ಒಣಾ ಹೂವು ಹಾಕಿ ಕಷಾಯ ಮಾಡೇನಿ. ಎರಡೂ ಬ್ಯಾರೆ ಬ್ಯಾರೆ ಕುದಿಸೇನಪಾ."

ಹಾಲಸಿದ್ದಪ್ಪ ಸಾಝ್ ಲೋಟವನ್ನು ಗುಟುಕರಿಸಿ ಮುಖ ಹಿಂಡಿದ. "ಹುಲ್ಲು ನೆನೆಸಿದ ನೀರಿದ್ದಂಗೈತ್ರಿ ಯಕ್ಕಾ. ನಮ್ಮ ಎತ್ತು ಭಾಳ ಖುಷಿಲೆ ಕುಡೀತಿದ್ದುವು." ಕ್ಯಾಸ್ಕೇಡ್ ಲೋಟಕ್ಕೆ ತಲೆದೂಗಿದ. "ಇದೂ ಕಹೀನ, ಆದ್ರ ಘಮ್ ಅಂತೈತಿ. ತಮ್ಮಾ, ಯಾವ ಜಡ್ಡಿಗೆ ಕೊಡತಾರಿದನ್ನ?"

"ಅದು... ಹಸಿವಿಗೆ ರೀ."

"ಅವಾಗಿಂದ ಅದುರಾಕತ್ತೈತಿ, ಸಾಹೇಬ್ರಿರಬೇಕು," ಎಂದು ಗುರುಸಂಗಪ್ಪ ಫೋನು ಕಸಿದುಕೊಂಡು ಸ್ಪೀಕರ್ ಒತ್ತಿದ. "ನಿನ್ನ ಕಿಮ್ಮತ್ತು ಬೀಗರಿಗೂ ತಿಳೀಲಿ."

"ಕೊಟ್ರೇಶ್, ಬಿಯರ್ ಕುದಿಯಾಕತ್ತೈತಿ! ಯಾವ ಹಾಪ್ಸ್ ಹಾಕೂನು? ಈಗ ಹೇಳ್ತಿಯೋ, ಅಮೋಘಸಿದ್ದಗ ಕೇಳ್ಲೋ?"

ತಂದೆಯ ಬೆರಳುಗಳು ಅವನ ಮೊಣಕಾಲನ್ನು ಇಕ್ಕಳದಂತೆ ಹಿಡಿದವು. "ರಾಂಗ್ ನಂಬರ್ ಅನ್ನು," ಎಂಬ ಪಿಸುದನಿ.

ಹಾಗೆ ಹೇಳಿದ್ದರೆ ನಿರ್ಮಲಾಳ ಸಂಬಂಧ ಉಳಿಯಬಹುದಿತ್ತು, ಕೆಲಸ ಉಳಿಯುತ್ತಿರಲಿಲ್ಲ. ಕೊಟ್ರೇಶ ಎರಡೂ ಲೋಟಗಳಿಂದ ಒಂದೊಂದು ಗುಟುಕು ಕುಡಿದ. ಕಿತ್ತಳೆಯ ಘಮ ತಿಳಿ ಬಿಯರನ್ನು ನುಂಗಿಹಾಕುವಂತಿತ್ತು. ಬೀಗರು ದೂಡಿದ ಲೋಟದಲ್ಲಿ ಹುಲ್ಲಿನ ಮೆಲುವಾಸನೆ, ಹಿತವಾದ ಕಹಿ.

"ಸಾಝ್ ರೀ. ಬಿಯರಿಗೆ ಸಾಝ್ ಹಾಕ್ರಿ."

ಸಿದ್ದಲಿಂಗವ್ವ ಗೋಡೆಗೆ ಆತುಕೊಂಡಳು. ಹಾಲಸಿದ್ದಪ್ಪ ಎದ್ದು ಚಪ್ಪಲಿ ಮೆಟ್ಟತೊಡಗಿದ. ತಡೆಯಲೆಂದು ಕೊಟ್ರೇಶ ಏಳಹೋದ. ಮೊಣಕಾಲ ಮೇಲಿನ ಹಿಡಿತ ಸಡಿಲಾಗಲಿಲ್ಲ.

"ಕೇಳಸವಲ್ದು," ಎಂದಿತು ಫೋನು. "ಇನ್ನೊಮ್ಮೆ ಜೋರಾಗಿ ಹೇಳು."

ಹೊಸ್ತಿಲು ದಾಟುತ್ತಿದ್ದ ಬೀಗರಿಗೂ ಕೇಳುವಂತೆ ಕೊಟ್ರೇಶ ಇನ್ನೊಮ್ಮೆ ಹೇಳಿದ.