ತಿರ್ಗಾ ಬರೆದ ಹೆಸರು

ರೈಲೇ ಇಲ್ಲದ ಗಲ್ಫ್ ದೇಶವೊಂದರಲ್ಲಿ ರೈಲು ಕಂಪೆನಿ ತೆರೆಯುತ್ತೇನೆಂದು ಅರ್ಬಾಬ್ ಖಲ್ಫಾನ್ ಹೊರಟಾಗ ರುಸೈಲಿನ ಅರ್ಧ ಜನ ಬಹಿರಂಗವಾಗಿ ನಕ್ಕರು. ಉಳಿದರ್ಧ ಜನ ಅವನ ಕೈಕೆಳಗೇ ಕೆಲಸಕ್ಕಿದ್ದುದರಿಂದ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗದೆ ಉಳಿದವನು ಪೇಂಟರ್ ಕೊಗ್ಗ ಒಬ್ಬನೇ. ಬರೆಯಲು ಅಷ್ಟು ದೊಡ್ಡ ಮೈ ಸಿಕ್ಕಿದ ಮೇಲೆ ಪೇಂಟರನಾದವನು ಯಾಕೆ ನಗಬೇಕು?

ಬರ್ಕಾದ ಹಿಂದಿನ ಗುಡ್ಡದಲ್ಲಿ ಅರ್ಬಾಬನ, ಅಂದರೆ ಧಣಿಯ, ಕಲ್ಲುಕೋರೆಯಿತ್ತು. ಅಲ್ಲಿಂದ ಹೆದ್ದಾರಿ ಪಕ್ಕದ ಕ್ರಷರಿನವರೆಗೆ ಒಂದು ಸಣ್ಣ ಹಳಿ, ಭಾರತದಿಂದ ಹಡಗಿನಲ್ಲಿ ತರಿಸಿದ ಒಂದು ಹಳೆಯ ಡೀಸೆಲ್ ಎಂಜಿನು, ಅದರ ಹಿಂದೆ ಕಲ್ಲು ತುಂಬುವ ಡಬ್ಬಿಗಳು. ತನ್ನ ಕಲ್ಲಿನ ಜೊತೆ ಅಕ್ಕಪಕ್ಕದ ಕೋರೆಯವರ ಕಲ್ಲನ್ನೂ ಬಾಡಿಗೆಗೆ ಸಾಗಿಸುವುದು ಅವನ ಯೋಚನೆ. ಕಂಪೆನಿಗೆ ಖಾಫಿಲಾ ಎಂದು ಹೆಸರಿಟ್ಟ. ಮರಳಿನಲ್ಲಿ ಸಾಲಾಗಿ ಹೋಗುವ ಒಂಟೆಗಳ ತಂಡಕ್ಕೆ ಅಲ್ಲಿ ಹಾಗೆನ್ನುತ್ತಾರೆ.

ಎಂಜಿನಿಗೆ ಬಣ್ಣ ಹಚ್ಚುವ ಕೆಲಸ ಕೊಗ್ಗನ ಪಾಲಿಗೆ ಬಂತು. ಮೈಸೂರಿನ ಮ್ಯಾನೇಜರ್ ಶ್ಯಾಮಸುಂದರ ಅದನ್ನು ‘ಲಿವರಿ’ ಎನ್ನುತ್ತಿದ್ದರು. ಕೊಗ್ಗನಿಗೆ ಅದು ಮದುಮಗಳಿಗೆ ಸೀರೆ ಉಡಿಸುವ ಕೆಲಸ. ಊರಲ್ಲಿದ್ದಾಗ ಮುಲ್ಕಿ, ಕಿನ್ನಿಗೋಳಿ, ಮೂಡುಬಿದಿರೆ ಕಡೆಯ ಸರ್ವಿಸ್ ಬಸ್ಸುಗಳ ಹಣೆಯ ಮೇಲೆಲ್ಲ ಹೆಸರು ಬರೆದವನು ಅವನೇ. ಒಂದು ಒತ್ತಕ್ಷರ ತಪ್ಪಿಲ್ಲ, ಒಂದು ದೀರ್ಘ ಬಿಟ್ಟಿಲ್ಲ. ಗಲ್ಫಿಗೆ ಬಂದ ಮೇಲೆ ಪೆಟ್ಟಿಗೆಗಳ ಮೇಲೆ ನಂಬರು ಹಾಕಿ ಹಾಕಿ ಕೈಗೆ ತುಕ್ಕು ಹಿಡಿದಿತ್ತು. ಎಂಜಿನಿನ ವಿಷಯ ತಿಳಿದ ಹೆಂಡತಿ ಉಮಾವತಿ, ಅದರ ಎದುರು ನಿಂತು ಫೋಟೋ ತೆಗೆಸಿ ಕಳಿಸಿ, ಇಲ್ಲದಿದ್ದರೆ ಇಲ್ಲಿ ಯಾರೂ ನಂಬುವುದಿಲ್ಲ ಎಂದು ಹೇಳಿ ಕಳಿಸಿದ್ದಳು.

ಮರಳಿನ ಬಣ್ಣದ ಮೈ, ನಡುವಿಗೆ ಹಸಿರು ಪಟ್ಟಿ, ಪಟ್ಟಿಯ ಮೇಲೆ ಎಂಜಿನಿನ ಮೂತಿಯ ಕಡೆಗೆ ನಡೆಯುವ ಬಿಳಿ ಒಂಟೆಗಳ ಸಾಲು, ಅದರ ಮೇಲೆ ಅರಬ್ಬಿಯಲ್ಲಿ ದೊಡ್ಡದಾಗಿ ಕಂಪೆನಿಯ ಹೆಸರು. ಕೊಗ್ಗನಿಗೆ ಅರಬ್ಬಿ ಓದಲು ಬಾರದು, ನೋಡಿದ್ದನ್ನು ಹಾಗೇ ಇಳಿಸಲು ಬರುತ್ತದೆ. ಮಾದರಿ ನೋಡಿ ತಗಡಿನಲ್ಲಿ ಅಚ್ಚು ಕತ್ತರಿಸಿ ಒಂದು ಮಗ್ಗುಲನ್ನು ಮುಗಿಸಿದ. ಶ್ಯಾಮಸುಂದರ ಬಂದು ನೋಡಿ, ಕೈಯಲ್ಲಿದ್ದ ಕಾಗದಗಳನ್ನು ತಿರುವುತ್ತಲೇ ತಲೆಯಾಡಿಸಿದರು.

“ಚೆನ್ನಾಗಿ ಬಂದಿದೆ ಕಣ್ರೀ. ಆ ಕಡೆಗೂ ಇದನ್ನೇ ತಿರ್ಗಾ ಬರ್ದುಬಿಡಿ.”

“ಅಕ್ಷರ ಸಹ ತಿರ್ಗಾನಾ ಸರ್?”

“ಅಕ್ಷರನೂ ತಿರ್ಗಾನೇ ರೀ. ಮತ್ತೇನು, ಬರೀ ಒಂಟೆ ಬಿಟ್ರೆ ಆಗತ್ತಾ?”

ಕೇಳಲಿಲ್ಲ ಎಂದು ಆಮೇಲೆ ಯಾರೂ ಹೇಳಬಾರದು. ಕೊಗ್ಗ ಕೇಳಿದ್ದ, ಅವರು ಹೇಳಿದ್ದರು. ಅವನು ತಗಡನ್ನು ಮಗುಚಿ ಹಾಕಿ ಇನ್ನೊಂದು ಮಗ್ಗುಲಿಗೆ ಬಣ್ಣ ಹೊಡೆದ. ಒಂಟೆಗಳು ಆ ಕಡೆಯೂ ಮೂತಿಯತ್ತಲೇ ಮುಖ ಮಾಡಿ ಚೆಂದವಾಗಿ ನಡೆದವು. ಆ ಮಗ್ಗುಲು ಶೆಡ್ಡಿನ ಗೋಡೆಯ ಕಡೆಗಿದ್ದುದರಿಂದ ಅವನಲ್ಲದೆ ಯಾರೂ ಅದನ್ನು ನೋಡಲಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ಎಂಜಿನು ಶೆಡ್ಡಿನಿಂದ ಹೊರಗೆ ಬಂತು. ಗೋಡೆಯ ಕಡೆಗಿದ್ದ ಮಗ್ಗುಲಿಗೆ ಎದುರಾಗಿ ಹಳಿಯ ಎಡಕ್ಕೆ ಶಾಮಿಯಾನ, ಕೆಂಪು ಜಮಖಾನ, ದೊಡ್ಡವರಿಗೆ ಸೋಫಾಗಳು. ಹಳಿಯ ಕೆಲಸಕ್ಕೆಂದು ಅಷ್ಟು ದಿನ ಕೋರೆಯಲ್ಲೇ ಇದ್ದ ಲಾರಿ ಡ್ರೈವರ್ ಬಾವ ಎಂಜಿನು ನೋಡಲು ಓಡಿ ಬಂದ. ಅವನು ಉಳ್ಳಾಲದ ಬ್ಯಾರಿ, ಮದ್ರಸದಲ್ಲಿ ಅರಬ್ಬಿ ಓದಿದವನು, ಕ್ಯಾಂಪಿನಲ್ಲಿದ್ದಾಗ ಕೊಗ್ಗನ ಜೊತೆ ಒಂದೇ ಕೋಣೆಯಲ್ಲಿ ಉಂಡು ಮಲಗುವವನು. ಒಂದು ಸಲ ನೋಡಿದ, ಎರಡು ಸಲ ನೋಡಿದ.

“ಕೊಗ್ಗಣ್ಣ, ಇದೆಂತ ಮಾಡಿದ್ದು ಮಾರಾಯ? ಅಕ್ಷರ ಎಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ಉಂಟಲ್ಲ!”

ಕೊಗ್ಗ ಒರೆಸುವ ಬಟ್ಟೆ ಹಿಡಿದು ಎಂಜಿನಿನತ್ತ ಓಡಿದ. ಅಷ್ಟರಲ್ಲಿ ಅರ್ಬಾಬನ ಕಾರು ಬಂದು ನಿಂತೇ ಬಿಟ್ಟಿತು. ಅರ್ಬಾಬ್ ಇಳಿದು, ಉದ್ದ ನಿಲುವಂಗಿ ದಿಶ್‌ದಾಶಾದ ಮಡಿಕೆ ಸರಿಮಾಡಿಕೊಂಡು, ತಲೆಯೆತ್ತಿ ತನ್ನದೇ ಕಂಪೆನಿಯ ಹೆಸರನ್ನು ಓದಲು ಹೋಗಿ ಎಡವಿದ. ಬೈಯಲಿಲ್ಲ. ಇದನ್ನು ಬರೆದವರು ಯಾರು ಎಂದು ಬೊಂಬಾಯಿಯಲ್ಲಿ ಕಲಿತ ಹಿಂದಿಯಲ್ಲಿ ತಣ್ಣಗೆ ಕೇಳಿದ.

ಶ್ಯಾಮಸುಂದರ ಇಂಗ್ಲಿಷಿನಲ್ಲಿ ಶುರು ಮಾಡಿದರು. ಇಂಗ್ಲಿಷಿನಲ್ಲಿ ಅವರ ಬಾಯಿ ಮಳೆಗಾಲದ ತೋಡು, ಹರಿದದ್ದೇ ಹರಿದದ್ದು. ಅದರಲ್ಲಿ ಕೊಗ್ಗನಿಗೆ ಅರ್ಥವಾದದ್ದು ‘ಇಲ್ಲಿಟರೇಟ್’ ಎಂಬ ಒಂದೇ ಮಾತು. ಆಮೇಲೆ ಅವರು ಕನ್ನಡಕ್ಕೆ ತಿರುಗಿದರು.

“ನಾನೇನ್ರೀ ಹೇಳಿದ್ದು? ತಿರ್ಗಾ ಬರೀರಿ ಅಂದೆ. ಉಲ್ಟಾ ಬರೀರಿ ಅಂದ್ನಾ?”

“ತಿರ್ಗಾ ಅಂದ್ರೆ ಉಲ್ಟಾವೇ ಅಲ್ವಾ ಸರ್? ತಿರ್ಗಿಸಿ ಬರೆಯುದು. ಪುನಃ ಬರೆಯಿರಿ ಅಂತ ನೀವು ಹೇಳಿದ್ರೆ ನಾನು ಪುನಃ ಬರೀತಿದ್ದೆ. ನಾನು ಕೇಳ್ಲಿಲ್ವಾ, ಅಕ್ಷರ ಸಹ ತಿರ್ಗಾನಾ ಅಂತ?”

“ಪುನಃ ಅಂತೆ! ತಿರ್ಗಾ ಅಂದ್ರೆ ಇನ್ನೊಂದ್ ಸಲ ಅಂತ ಚಿಕ್ಕ ಮಗೂಗೂ ಗೊತ್ತು. ಕನ್ನಡ ಬರಲ್ವೇನ್ರೀ ನಿಮ್ಗೆ?”

ಕೊಗ್ಗನ ನೆತ್ತಿಗೆ ಬೆಂಕಿ ಹತ್ತಿದ್ದು ಆಗ. ಮೈಸೂರಿನವರ ತಿರ್ಗಾ ಮತ್ತೊಮ್ಮೆ ಮಾಡುವುದಕ್ಕೆ, ತುಳುವರ ತಿರ್ಗಾ ಮಗುಚಿ ಹಾಕುವುದಕ್ಕೆ. ಇದರಲ್ಲಿ ಯಾರದೂ ಪಾಪವಿಲ್ಲ, ಎರಡು ಮನೆಯ ಮಾತು ದಾರಿಯಲ್ಲಿ ಡಿಕ್ಕಿ ಹೊಡೆದುಕೊಂಡಿತು ಎಂದು ಅವರು ಒಪ್ಪಿಕೊಂಡಿದ್ದರೆ ಅವನೂ ತಲೆ ತಗ್ಗಿಸಿ ಕ್ಷಮೆ ಕೇಳುತ್ತಿದ್ದ. ಆದರೆ ಕನ್ನಡ ಬರುವುದಿಲ್ಲವಂತೆ! ಮನೆಯಲ್ಲಿ ತುಳು ಆಡಿದರೂ ಶಾಲೆಯಲ್ಲಿ ಕನ್ನಡವನ್ನೇ ತಿದ್ದಿ ಬೆಳೆದವನಿಗೆ, ಕನ್ನಡ ಅಕ್ಷರದಿಂದಲೇ ಅನ್ನ ತಿಂದವನಿಗೆ ಈ ಮಾತು! ಮೈಸೂರಿನಲ್ಲಿ ಆಡಿದ್ದು ಮಾತ್ರ ಕನ್ನಡ, ಘಟ್ಟದ ಕೆಳಗಿನದು ಏನು, ಕಾಗೆ ಕೂಗಿದ್ದೇ? ಗದರಿದವರ ಕನ್ನಡ ಸರಿ, ಗದರಿಸಿಕೊಂಡವರ ಕನ್ನಡ ತಪ್ಪು, ಇದು ಯಾವ ವ್ಯಾಕರಣ?

ಅವನು ಅರ್ಬಾಬನ ಎದುರಿಗೇ ಹೋಗಿ ನಿಂತು, ತಿಳಿದಷ್ಟು ಹಿಂದಿಯಲ್ಲಿ, ಸಾಹೇಬರು ಹೇಳಿದ ಹಾಗೆಯೇ ಬರೆದಿದ್ದೇನೆ, ತಿರ್ಗಾ ಅಂದಿದ್ದು ಅವರೇ ಎಂದ. ಅರ್ಬಾಬ್ ಇಬ್ಬರ ಮುಖವನ್ನೂ ನೋಡಿದ. ನಿಮ್ಮ ಭಾಷೆ ಬಲ್ಲವರು ಇಲ್ಲಿ ಇನ್ನು ಯಾರಿದ್ದಾರೆ ಎಂದು ಕೇಳಿದ. ಎಲ್ಲರ ಕಣ್ಣೂ ಬಾವನ ಮೇಲೆ ಹೋಯಿತು.

ಕೊಗ್ಗನಿಗೆ ಹೋದ ಜೀವ ಬಂದಂತಾಯಿತು. ಬಾವನಿಗೆ ಬ್ಯಾರಿ ಬರುತ್ತದೆ, ತುಳು ಬರುತ್ತದೆ, ಕನ್ನಡ ಬರುತ್ತದೆ, ಅರಬ್ಬಿಯೂ ಬರುತ್ತದೆ. ಇದನ್ನು ಬಿಡಿಸಿ ಹೇಳಲು ಇವನಿಗಿಂತ ಬೇರೆ ನ್ಯಾಯಾಧೀಶ ಬೇಕೇ?

“ತಿರ್ಗಾ ಅಂದರೆ ನಿಮ್ಮ ಕನ್ನಡಿಯಲ್ಲಿ ಏನು ಅರ್ಥ?” ಎಂದು ಅರ್ಬಾಬ್ ಬಾವನನ್ನು ಕೇಳಿದ. ಕನ್ನಡಕ್ಕೆ ಅವನು ಅನ್ನುತ್ತಿದ್ದುದು ಕನ್ನಡಿ ಎಂದೇ.

ಬಾವ ಒಮ್ಮೆ ಕೊಗ್ಗನನ್ನು ನೋಡಿದ, ಒಮ್ಮೆ ಶ್ಯಾಮಸುಂದರರನ್ನು ನೋಡಿದ. ಬಾವನ ತಮ್ಮನನ್ನು ಕರೆಸುವ ವೀಸಾದ ಮಾತು ಅವರ ಹತ್ತಿರ ನಡೆಯುತ್ತಿದೆಯೆಂದು ಕ್ಯಾಂಪಿಗೆಲ್ಲ ಗೊತ್ತಿತ್ತು.

“ಮತ್ತೊಮ್ಮೆ ಅಂತ, ಅರ್ಬಾಬ್,” ಎಂದ ಬಾವ.

ಅಷ್ಟೇ ಹೇಳಿದ. ತುಳುವಿನಲ್ಲಿ ಏನು ಎಂದು ಅರ್ಬಾಬ್ ಕೇಳಲಿಲ್ಲ. ಇವರೊಳಗೆ ತುಳು ಎಂಬುದೊಂದು ಇದೆ ಎಂದು ಅವನಿಗೆ ಗೊತ್ತಿದ್ದರೆ ತಾನೇ ಕೇಳುವುದು! ಗೊತ್ತಿದ್ದವನು ಕೇಳದ ಪ್ರಶ್ನೆಗೆ ತಾನಾಗಿ ಉತ್ತರ ಕೊಡಲಿಲ್ಲ. ಅರ್ಬಾಬ್ ಕೆಟ್ಟವನಲ್ಲ. ಅವನಿಗೆ ಬೇಕಾದದ್ದು ಒಂದು ಉತ್ತರ, ಅದು ಸಿಕ್ಕಿತು.

“ಖಲಾಸ್,” ಎಂದ. “ಕ್ಯಾನ್ಸಲ್.”

ಕ್ಯಾನ್ಸಲ್ ಎಂದರೆ ವೀಸಾ ಮುಗಿಯಿತು, ಊರಿಗೆ ಟಿಕೆಟು, ಮತ್ತೆ ಈ ದೇಶದ ಬಾಗಿಲು ತೆರೆಯುವುದು ಸುಳ್ಳು. ಎಂಜಿನಿಗೆ ಬರೆದವನ ಹೆಂಡತಿ ಎಂದು ಕೇರಿಯಲ್ಲಿ ಮೆರೆಯುತ್ತಿರುವ ಉಮಾವತಿಗೆ, ಬರೆಯಲು ಬಾರದ್ದಕ್ಕೆ ಓಡಿಸಿದರು ಎಂದು ಹೋಗಿ ಹೇಳಬೇಕು.

ಇನ್ನು ಎಂಜಿನಿನ ಗತಿ ಏನು? ಲಾರಿಯಾಗಿದ್ದರೆ ಸ್ಟೇರಿಂಗ್ ತಿರುಗಿಸಿ ಸರಿಯಾದ ಮಗ್ಗುಲನ್ನು ಶಾಮಿಯಾನದ ಕಡೆಗೆ ಮಾಡಬಹುದಿತ್ತು. ಹಳಿಯ ಮೇಲಿನ ಎಂಜಿನು ಯಾರ ಮುಲಾಜಿಗೂ ತಿರುಗುವುದಿಲ್ಲ. ಕೊನೆಗೆ ಶಾಮಿಯಾನವೇ ತಿರುಗಬೇಕಾಯಿತು. ಕಂಬ ಕಿತ್ತರು, ಜಮಖಾನ ಸುತ್ತಿದರು, ಸೋಫಾಗಳನ್ನು ತಲೆಯ ಮೇಲೆ ಹೊತ್ತು ಹಳಿ ದಾಟಿಸಿ ಬಲಗಡೆ ಇಟ್ಟರು. ಶ್ಯಾಮಸುಂದರ ಟೈ ಸಡಿಲಿಸಿಕೊಂಡು ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಕೂಗುತ್ತ ಓಡಾಡಿದರು. ಒಂದು ಮಾತನ್ನು ಬಿಡಿಸಿ ಹೇಳಲು ಪುರುಸೊತ್ತಿಲ್ಲದವರಿಗೆ ಇಡೀ ಚಪ್ಪರ ಹೊರಿಸಲು ಎಲ್ಲಿಂದ ಬಂತೋ ಪುರುಸೊತ್ತು!

“ಆ ಕಡೆ ಹೆಸರಿನ ಮೇಲೆ ಬರೀ ಬಣ್ಣ ಬಳಿದುಬಿಡ್ರೋ,” ಎಂದು ಅವರು ಇಬ್ಬರು ಹುಡುಗರಿಗೆ ಹೇಳಿದರು.

“ಅದಕ್ಕೆ ಯಾರೂ ಕೈ ಹಚ್ಚುದು ಬೇಡ,” ಎಂದು ಕೊಗ್ಗ ಅಡ್ಡ ನಿಂತ. “ನಾನು ಬರೆದದ್ದು. ನಾನೇ ಸರಿ ಮಾಡಿ ಹೋಗ್ತೇನೆ.”

“ನಿಮ್ದು ಕ್ಯಾನ್ಸಲ್ ಆಗಿದೆ ಕಣ್ರೀ.”

“ನನ್ನ ವೀಸಾ ಕ್ಯಾನ್ಸಲ್ ಆದದ್ದು ಸರ್. ಕೈ ಅಲ್ಲ.”

ಅವನ ಮುಖ ನೋಡಿ ಶ್ಯಾಮಸುಂದರ ಹುಡುಗರನ್ನು ಕರೆದುಕೊಂಡು ಶಾಮಿಯಾನದ ಕಡೆಗೆ ಹೋದರು. ಟರ್ಪಂಟೈನಿನಲ್ಲಿ ಬಟ್ಟೆ ಅದ್ದಿ ಕೊಗ್ಗ ಒಂದೊಂದೇ ಅಕ್ಷರವನ್ನು ಉಜ್ಜಿ ಅಳಿಸಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂಟೆಗಳನ್ನು ಮುಟ್ಟಲಿಲ್ಲ, ಅವು ಸರಿಯಾಗಿಯೇ ಇದ್ದವು. ಹಸಿರು ಪಟ್ಟಿಯ ಮೇಲಿನ ಜಾಗಕ್ಕೆ ಮರಳ ಬಣ್ಣ ತುಂಬಿ, ಅದು ಆರುವುದನ್ನು ಬಿಸಿಲಿನಲ್ಲೇ ನಿಂತು ಕಾದ.

ಬಾವ ದೂರದಲ್ಲಿ ಕಾರಿನ ಬಾಗಿಲು ಒರೆಸುವವನಂತೆ ನಿಂತಿದ್ದ. ಒರೆಸಲು ಅಲ್ಲಿ ಧೂಳೇ ಇರಲಿಲ್ಲ.

“ಬಾವಾ, ಇಲ್ಲಿ ಬಾ,” ಎಂದು ಕೊಗ್ಗ ಕರೆದ.

ಬಾವ ಬಂದ. “ಕೊಗ್ಗಣ್ಣ, ನಾನು ಸುಳ್ಳು ಹೇಳ್ಲಿಲ್ಲ.”

“ಸುಳ್ಳು ಹೇಳಿದ್ರೆ ನಾಲ್ಕು ಬೈದು ಬಿಡ್ತಿದ್ದೆ. ಈಗ ಬೈಲಿಕ್ಕೂ ಇಲ್ಲದ ಹಾಗೆ ಮಾಡಿದಿ. ಇರಲಿ, ಈ ಅಚ್ಚು ಸರಿ ಹಿಡಿದಿದ್ದೇನಾ ಹೇಳು. ಒಂದೊಂದೇ ಅಕ್ಷರ ಓದು. ಇನ್ನೊಮ್ಮೆ ತಪ್ಪುವುದು ಬೇಡ.”

ಆ ಕಡೆ ಕಾರುಗಳು ಬರತೊಡಗಿದವು. ಎಂಜಿನಿನ ಆಚೆಯಿಂದ ಕಾಫಿ, ಖರ್ಜೂರದ ತಟ್ಟೆಗಳ ಸದ್ದು, ಧೂಪದ ವಾಸನೆ. ಮೈಕಿನಲ್ಲಿ ಶ್ಯಾಮಸುಂದರ ಲಿವರಿಯನ್ನು ವರ್ಣಿಸುತ್ತಿದ್ದರು. ಈಚೆ ಮಗ್ಗುಲಲ್ಲಿ ಏಣಿಯ ಮೇಲೆ ಕೊಗ್ಗ, ಕೆಳಗೆ ಏಣಿ ಹಿಡಿದು ಬಾವ. ಕೊಗ್ಗ ಒಂದು ಅಕ್ಷರ ತುಂಬಿದ ಕೂಡಲೇ ಬಾವ ಅದರ ಹೆಸರು ಹೇಳುತ್ತಿದ್ದ. ಕೊಗ್ಗ ಕೆಳಗೆ ನೋಡಲಿಲ್ಲ.

ಕೊನೆಯ ಅಕ್ಷರವೂ ಆಯಿತು. ಅವನು ಇಳಿದು, ಏಣಿ ತೆಗೆದು, ಹಿಂದೆ ಸರಿದು ನಿಂತ.

“ಈಗ ಪೂರ್ತಿ ಓದು.”

ಬಾವ ಹೆಸರನ್ನು ಬಲದಿಂದ ಎಡಕ್ಕೆ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. ಅದೇ ಹೊತ್ತಿಗೆ ಆ ಕಡೆ ರಿಬ್ಬನ್ ಕತ್ತರಿಸಿದರು, ಚಪ್ಪಾಳೆ ಬಿತ್ತು, ಎಂಜಿನು ಕೂಗಿ ನಿಧಾನ ಹೊರಟಿತು. ಹಸಿ ಅಕ್ಷರಗಳು ಇಬ್ಬರ ಎದುರಿನಿಂದಲೇ ಹಾದು ಗುಡ್ಡದ ಕಡೆಗೆ ಹೋದವು.

“ಸರಿ ಉಂಟಾ?” ಎಂದ ಕೊಗ್ಗ.

“ಸರಿ ಉಂಟು ಕೊಗ್ಗಣ್ಣ. ಒಂದು ಚುಕ್ಕೆ ತಪ್ಪಿಲ್ಲ.”

ಕೊಗ್ಗ ಬ್ರಷ್ಷುಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡ. ಅವು ಕಂಪೆನಿಯದಲ್ಲ, ಊರಿಂದ ತಂದದ್ದು.

“ಅಂತೂ ಇವತ್ತು ನಿನ್ನ ಬಾಯಿಂದ ಒಂದು ಮಾತು ಪೂರ್ತಿ ಬಂತಲ್ಲ ಮಾರಾಯ,” ಎಂದು ಹೇಳಿ ಕ್ಯಾಂಪಿನ ಕಡೆಗೆ ನಡೆದ.